ಪೆಟ್ಟಿಗೆಯೊಳಗಣ ವೀರರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟವರಿಗೆ ನಡುದಾರಿಯಲ್ಲಿ ಮಸ್ಕಿ ಸಿಗುತ್ತದೆ. ಬಂಡೆಗಳ ಗುಡ್ಡವನ್ನು ತೋರಿಸಿ, ‘ಅಶೋಕನ ಶಾಸನವಿರುವುದು ಇಲ್ಲಿಯೇ’ ಎಂದು ತಂದೆಯಾದವನು ಮಗನಿಗೆ ಹೇಳುವುದುಂಟು. ‘ಟೆಲಿವಿಷನ್ನಿನಲ್ಲಿ ಕತ್ತಿ ಹಿಡಿದು ಹೋರಾಡಿದ ಆ ಹುಡುಗನೇ ಅಪ್ಪಾ?’ ಎಂದು ಮಗನು ಮರುಪ್ರಶ್ನೆ ಹಾಕಿದರೆ ಅಚ್ಚರಿಪಡಬೇಕಾಗಿಲ್ಲ. 2015-16ರಲ್ಲಿ ‘ಚಕ್ರವರ್ತಿನ್ ಅಶೋಕ ಸಮ್ರಾಟ್’ ಎಂಬ ಹಿಂದಿ ಧಾರಾವಾಹಿ ಅಂಥದೊಬ್ಬ ಬಾಲವೀರನನ್ನು ದೇಶಕ್ಕೆಲ್ಲ ತೋರಿಸಿತ್ತು.

ಈ ಜಿಲ್ಲೆಗೂ ದೂರದರ್ಶನಕ್ಕೂ ಇರುವ ನಂಟು ರಾಜಧಾನಿಯ ನಂಟಿಗಿಂತ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಪ್ರಸಾರವಾದವು. ಕರ್ನಾಟಕದಲ್ಲಿ ಆ ಭಾಗ್ಯ ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳದಾಯಿತು. ಬೆಂಗಳೂರು 1981ರವರೆಗೆ ಕಾಯಬೇಕಾಯಿತು! ಹಳ್ಳಿಗೊಂದರಂತೆ ಇರಿಸಿದ ಪೆಟ್ಟಿಗೆಯ ಮುಂದೆ ಜನ ಒಟ್ಟಾಗಿ ಕುಳಿತು ಬೇಸಾಯ, ಆರೋಗ್ಯಗಳ ವಿಚಾರವನ್ನು ಕನ್ನಡದಲ್ಲಿಯೇ ಕೇಳಿದರು.

ವೀರರು ಬಂದುದು ಅನಂತರ. ಬಂದವರು ಹಿಂದಿಯಲ್ಲಿ ಬಂದರು. 1987ರಲ್ಲಿ ‘ರಾಮಾಯಣ’ ಆರಂಭವಾದಾಗ ಕುಸ್ತಿಪಟು ದಾರಾ ಸಿಂಗ್ ಹನುಮಂತನಾದರು. ಬಯಲಾಟ ಕಂಡಿದ್ದವರಿಗೆ ಕಥೆ ಗೊತ್ತಿತ್ತು. ಮಾತು ತಿಳಿಯದಿದ್ದರೂ ಬಾಣ ತಿಳಿಯಿತು. ಆದರೆ, ಹಿಂದೆ ‘ಮಹಾಭಾರತ’ದ ಭೀಷ್ಮನಾಗಿದ್ದ ಮುಕೇಶ್ ಖನ್ನಾ 1997ರಲ್ಲಿ ‘ಶಕ್ತಿಮಾನ್’ ಆಗಿ ಗಿರಗಿರನೆ ತಿರುಗಿ ಹಾರಿದಾಗ, ಹಿಂದಿ ಬಾರದ ಮಕ್ಕಳು ಅರ್ಧ ಕಥೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

ಪರಭಾಷೆಯ ವೀರನಿಗೆ ಕನ್ನಡದ ಬಾಯಿ ಕೊಡಲು ಚಿತ್ರೋದ್ಯಮ ದಶಕಗಳ ಕಾಲ ಒಪ್ಪಿರಲಿಲ್ಲ. ಇಲ್ಲಿಯ ಕಲಾವಿದರ ಅನ್ನಕ್ಕೆ ಸಂಚಕಾರ ಬಂದೀತೆಂಬ ಭಯ ಅದಕ್ಕೆ ಕಾರಣವಾಗಿತ್ತು. ಅಂಥ ತಡೆ ಸಲ್ಲದೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪಿತ್ತಿತು. 2020ರಲ್ಲಿ ಕೊರೋನಾ ಹಾವಳಿಯಿಂದ ಚಿತ್ರೀಕರಣ ನಿಂತಾಗ ಡಬ್ ಆದ ‘ಮಹಾಭಾರತ’ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಕಾಣಿಸಿಕೊಂಡಿತು. ಅಜ್ಜಿ, ಮೊಮ್ಮಕ್ಕಳು ಭೀಮಾರ್ಜುನರ ಮಾತನ್ನು ಕನ್ನಡದಲ್ಲಿ ಕೇಳಿ ಸಂತೋಷಪಟ್ಟರೆ ಅದನ್ನು ತಪ್ಪೆನ್ನುವವರಾರು?

ಆದರೂ ಒಂದು ಮಾತುಂಟು. ಎಷ್ಟು ಮನೆಗಳು ನೋಡಿದವೆಂಬ ಲೆಕ್ಕದ ಮೇಲೆ ಜಾಹೀರಾತಿನ ಬೆಲೆ ನಿಲ್ಲುತ್ತದೆ. ಸಿದ್ಧ ಸರಕಿಗೆ ಧ್ವನಿ ಕೂಡಿಸುವುದು ಹೊಸದಾಗಿ ನಿರ್ಮಿಸುವುದಕ್ಕಿಂತ ಅಗ್ಗ. ಕಾಳಗಕ್ಕಂತೂ ಭಾಷಾಂತರವೇ ಬೇಡ. ಎಲ್ಲಿಯ ಹೊಡೆದಾಟವನ್ನಾದರೂ ಎಲ್ಲಿಯೂ ಮಾರಬಹುದು. ಆದಕಾರಣ ಹೊಡೆದಾಡುವ ನಾಯಕನಿಗೆ ಸಂತೆಯಲ್ಲಿ ಎಂದೂ ಬೇಡಿಕೆ. ಭಾಷೆಯ ಅಡ್ಡಿ ತೊಲಗಿತು, ನಿಜ. ಕನ್ನಡನಾಡು ತನ್ನ ವೀರನ ಕಥೆಯನ್ನು ತಾನೇ ಕಟ್ಟುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ.

ಅದಕ್ಕೆ ಬೇಕಾದ ವಸ್ತು ಮಸ್ಕಿಯ ಬಂಡೆಯ ಮೇಲೆಯೇ ಇದೆ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದನ್ನು 1915ರಲ್ಲಿ ಇಲ್ಲಿ ಬೆಳಕಿಗೆ ಬಂದ ಶಾಸನ ಸ್ಥಿರಪಡಿಸಿತು. ಅದರಲ್ಲಿ ಯುದ್ಧದ ಸುದ್ದಿಯೇ ಇಲ್ಲ. ಧರ್ಮದಲ್ಲಿ ಶ್ರಮಿಸಿದರೆ ದೊಡ್ಡವರಿಗೆ ದೊರೆಯುವ ಸದ್ಗತಿ ಸಣ್ಣವರಿಗೂ ದೊರೆಯುತ್ತದೆಂಬ ಭರವಸೆ ಇದೆ. ಕತ್ತಿ ಹಿಡಿದ ಅಶೋಕನನ್ನು ಮಕ್ಕಳು ಪೆಟ್ಟಿಗೆಯಲ್ಲಿ ಕಂಡಾಯಿತು. ಕತ್ತಿ ಕೆಳಗಿಟ್ಟವನನ್ನು ಕಾಣಲು, ಸದ್ಯಕ್ಕೆ, ಮಸ್ಕಿಯಲ್ಲಿ ಬಸ್ಸಿಳಿಯಬೇಕು.