ಡಿಸ್ಚಾರ್ಜ್ ಆದ ಮೇಲಿನ ಆರು ತಿಂಗಳು

ಲಕ್ವಾ ಹೊಡೆದವರ ಜೀವ ಉಳಿಸುವುದಕ್ಕೆ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಇವತ್ತು ಒಂದು ದಾರಿಯಾದರೂ ಇದೆ. 108ರ ಆಂಬುಲೆನ್ಸ್ 2008ರಿಂದ ಓಡಾಡುತ್ತಿದೆ. ಕುಂದಗೋಳದಿಂದ ಹುಬ್ಬಳ್ಳಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಕಲಘಟಗಿ, ನವಲಗುಂದ, ಅಣ್ಣಿಗೇರಿಗಳಿಂದ ಮೂವತ್ತು, ಮೂವತ್ತೈದರ ಆಸುಪಾಸು. ರೋಗದ ಲಕ್ಷಣ ಕಂಡ ನಾಲ್ಕೂವರೆ ತಾಸಿನೊಳಗೆ ದೊಡ್ಡ ಆಸ್ಪತ್ರೆ ಮುಟ್ಟಿದರೆ, ಮೆದುಳಿನ ರಕ್ತನಾಳದಲ್ಲಿ ಕೂತ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡಲು ಅವಕಾಶವಿದೆ. ತಡವಾದವರನ್ನೂ ಅಪಾಯದಿಂದ ಪಾರುಮಾಡಿ, ಒಂದೆರಡು ವಾರಕ್ಕೆ ಮನೆಗೆ ಕಳಿಸುತ್ತಾರೆ. ಕೈಗೆ ಬರುವ ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಗುಳಿಗೆ, ಸಕ್ಕರೆ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆಗಳ ಕೆಳಗೆ ‘ಫಿಸಿಯೋಥೆರಪಿ ಮಾಡಿಸಿ’ ಎಂದು ಒಂದು ಸಾಲು ಇರುತ್ತದೆ. ಎಲ್ಲಿ ಮಾಡಿಸಬೇಕು, ಯಾರು ಮಾಡಿಸಬೇಕು, ಎಷ್ಟು ದಿನ, ಯಾವ ಗುರಿ ಇಟ್ಟುಕೊಂಡು ಎಂಬುದಕ್ಕೆ ಆ ಚೀಟಿಯಲ್ಲಿ ಉತ್ತರವಿರುವುದಿಲ್ಲ. ನನ್ನ ವಾದ ಇಷ್ಟೇ: ಆ ಒಂದು ಸಾಲಿನಲ್ಲಿ ಮುಗಿಸಿಬಿಟ್ಟದ್ದೇ ಚಿಕಿತ್ಸೆಯ ದೊಡ್ಡ ಭಾಗ. ಅದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಪುನಶ್ಚೇತನ ವೈದ್ಯರ ಹೊಣೆಯಲ್ಲಿ ನಡೆಯಬೇಕು.

ಪೆಟ್ಟು ತಿಂದ ಮೆದುಳು ಸುಮ್ಮನೆ ಕೂರುವುದಿಲ್ಲ. ಸತ್ತ ಜೀವಕೋಶ ಮರಳಿ ಬರದಿದ್ದರೂ ಉಳಿದ ಭಾಗಗಳು ಹೊಸ ಸಂಪರ್ಕ ಕಟ್ಟಿಕೊಂಡು, ಕಳೆದುಹೋದ ಕೆಲಸವನ್ನು ಒಂದಿಷ್ಟು ತಮ್ಮ ಮೇಲೆ ಹೊತ್ತುಕೊಳ್ಳುತ್ತವೆ. ಈ ಕಲಿಕೆ ಮೊದಲ ಕೆಲವು ತಿಂಗಳು ಚುರುಕಾಗಿದ್ದು, ಬರಬರುತ್ತಾ ನಿಧಾನವಾಗುತ್ತದೆ. ಅಮೆರಿಕದಲ್ಲಿ 72 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಗೆ ಕೊಡುವ ಹೆಚ್ಚುವರಿ ತರಬೇತಿಯನ್ನು ಬೇರೆ ಬೇರೆ ಹಂತಗಳಲ್ಲಿ ಕೊಟ್ಟು ನೋಡಿದರು. ಹೆಚ್ಚು ಲಾಭ ಕಂಡದ್ದು ಪಾರ್ಶ್ವವಾಯು ಬಡಿದ ಎರಡು–ಮೂರು ತಿಂಗಳ ಹೊತ್ತಿಗೆ ತರಬೇತಿ ಪಡೆದವರಲ್ಲಿ. ಅಧ್ಯಯನ ಸಣ್ಣದು, ಆದರೆ ಅದು ತೋರಿಸುವ ದಿಕ್ಕು ಸ್ಪಷ್ಟ. ಎರಡು–ಮೂರು ತಿಂಗಳ ಹೊತ್ತಿಗೆ ನಮ್ಮ ರೋಗಿ ಎಲ್ಲಿರುತ್ತಾನೆ? ಊರ ಮನೆಯ ಪಡಸಾಲೆಯಲ್ಲಿ, ಹೊರಸಿನ ಮೇಲೆ. ಹೂ ಬಿಡುವ ಹೊತ್ತಿಗೆ ಸಿಗದ ನೀರು ಕಟಾವಿನ ಮುಂದೆ ಸಿಕ್ಕರೆ ಬೆಳೆಗೆ ಆಗುವ ಉಪಯೋಗ ಎಷ್ಟೆಂದು ಎರೆ ಹೊಲದ ರೈತನಿಗೆ ಯಾರೂ ಹೇಳಬೇಕಿಲ್ಲ. ನರಮಂಡಲದ ವಿಷಯದಲ್ಲಿ ನಾವು ಮಾಡುತ್ತಿರುವುದು ಅದೇ ತಪ್ಪು.

ಆ ತಿಂಗಳುಗಳಲ್ಲಿ ಏನೂ ಮಾಡದೆ ಬಿಟ್ಟರೆ ಸ್ಥಿತಿ ಇದ್ದಂತೆಯೇ ಉಳಿಯುವುದೂ ಇಲ್ಲ, ಕೆಡುತ್ತಾ ಹೋಗುತ್ತದೆ. ಶಕ್ತಿಯಿಲ್ಲದ ತೋಳು ಕೆಳಗೆ ಜೋತು, ಭುಜದ ಕೀಲು ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಎಬ್ಬಿಸುವವರು ಅದೇ ಕೈ ಹಿಡಿದು ಎಳೆದರೆ ನೋವು ಕಾಯಂ ಆಗುತ್ತದೆ. ಸ್ನಾಯುಗಳಲ್ಲಿ ಬಿಗಿತ ಏರಿ ಬೆರಳುಗಳು ಅಂಗೈಯೊಳಗೆ ಮಡಿಸಿಕೊಳ್ಳುತ್ತವೆ, ಹಿಮ್ಮಡಿ ಮೇಲೇಳುತ್ತದೆ, ಪಾದ ನೆಲಕ್ಕೆ ಎಡವುತ್ತದೆ. ನುಂಗುವ ಶಕ್ತಿ ಕುಂದಿದವರಿಗೆ ಮಲಗಿಸಿಕೊಂಡೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಮಾತು ಹೋದವನನ್ನು ಬುದ್ಧಿ ಹೋದವನೆಂದು ಮನೆಯವರು ತಿಳಿಯುತ್ತಾರೆ. ಮೂವರಲ್ಲಿ ಒಬ್ಬರಷ್ಟು ಜನರನ್ನು ಖಿನ್ನತೆ ಹಿಡಿಯುತ್ತದೆ. ಅದನ್ನು ಸೋಮಾರಿತನವೆಂದೋ ಹಟವೆಂದೋ ಕರೆಯುತ್ತೇವೆ. ಟ್ರ್ಯಾಕ್ಟರ್ ಮಗುಚಿಯೋ ಮರದಿಂದ ಬಿದ್ದೋ ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರಕೋಶವನ್ನು ಸರಿಯಾಗಿ ಖಾಲಿ ಮಾಡಿಕೊಳ್ಳುವ ವಿಧಾನ ಕಲಿಸದಿದ್ದರೆ ಕೊನೆಗೆ ಮೂತ್ರಪಿಂಡವೇ ಹೋಗುತ್ತದೆ. ಇವು ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಒಂದೇ ದೇಹದಲ್ಲಿ ಒಟ್ಟಿಗೆ ನಡೆಯುತ್ತವೆ. ಹೀಗೆ ಒಟ್ಟಿಗೆ ನಡೆಯುವುದನ್ನು ಒಟ್ಟಾಗಿ ನೋಡುವವರೇ ಪುನಶ್ಚೇತನ ವೈದ್ಯರು, ವೈದ್ಯಕೀಯ ಕಾಲೇಜಿನ ಭಾಷೆಯಲ್ಲಿ ಪಿಎಂಆರ್ ತಜ್ಞರು. ಬಿಗಿತಕ್ಕೆ ಗುಳಿಗೆ ಸಾಕೋ, ಬೊಟುಲಿನಮ್ ಚುಚ್ಚುಮದ್ದು ಬೇಕೋ, ಪಾದಕ್ಕೆ ಪಟ್ಟಿ ಕಟ್ಟಿದರೆ ನಡೆದಾನೋ, ನಿದ್ರೆ ಬಾರದಿರುವುದು ನೋವಿನಿಂದಲೋ ಖಿನ್ನತೆಯಿಂದಲೋ ಎಂದು ತೀರ್ಮಾನಿಸಿ, ಮುಂದಿನ ಹದಿನೈದು ದಿನದ ಗುರಿ ಹಾಕಿಕೊಡುವುದು ಅವರ ಕೆಲಸ.

ಈ ಗುರಿಗಳು ಊರಿನ ಬದುಕಿನಿಂದಲೇ ಬರಬೇಕು. ಹೊರರೋಗಿ ಚಿಕಿತ್ಸೆಗೆ ಇರುವ ವಿಶೇಷ ಬಲವೂ ಅದೇ. ಆಸ್ಪತ್ರೆಯ ನುಣುಪು ನೆಲದ ಮೇಲೆ ಹಿಡಿಕೆ ಹಿಡಿದು ಹತ್ತು ಹೆಜ್ಜೆ ನಡೆದವನು ಮನೆಯ ಎತ್ತರದ ಹೊಸ್ತಿಲಲ್ಲಿ ಎಡವುತ್ತಾನೆ. ಮಳೆ ಬಿದ್ದ ಮೇಲೆ ನವಲಗುಂದದ ಎರೆ ಮಣ್ಣು ವಾಕರಿನ ಕಾಲಿಗೆ ಮೆತ್ತಿಕೊಂಡು, ಅದನ್ನು ಎತ್ತಿಡುವುದೇ ಒಂದು ಸಾಹಸವಾಗುತ್ತದೆ. ಗಾಲಿಕುರ್ಚಿಯಂತೂ ಅಂಗಳ ದಾಟುವುದಿಲ್ಲ. ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಏಳಲಾಗದವನಿಗೆ ಶೌಚಾಲಯ ಇದ್ದೂ ಇಲ್ಲದಂತೆ. ಜೋಳದ ರೊಟ್ಟಿ ಬಡಿಯುವ ಹೆಣ್ಣುಮಗಳ ಕೆಲಸವನ್ನು ನೋಡಿ: ಒಂದು ಕೈ ಹಿಟ್ಟು ನಾದುತ್ತದೆ, ಇನ್ನೊಂದು ಒತ್ತಾಸೆಯಾಗುತ್ತದೆ, ಬಡಿಯುವಾಗ ಅಂಗೈ ತೆರೆದಿರಬೇಕು, ರೊಟ್ಟಿ ತಾನಾಗಿ ಸುತ್ತುವಂತೆ ಮಣಿಕಟ್ಟು ಹದವಾಗಿ ತಿರುಗಬೇಕು, ಹಂಚಿಗೆ ಹಾಕುವಾಗ ಎರಡೂ ಕೈ ಒಂದೇ ಕ್ಷಣಕ್ಕೆ ಬಿಡಬೇಕು. ಬೆರಳು ಬಿಗಿದವಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಯಾವ ಯಂತ್ರವೂ ಕೊಡಲಾರದು. ಆದರೆ ಯಾವ ಹಂತದಲ್ಲಿ ಯಾವ ತುಣುಕನ್ನು ಅಭ್ಯಾಸ ಮಾಡಿಸಬೇಕೆಂದು ಬಿಡಿಸಿ ಹೇಳುವವರು ಬೇಕು. ವಾರಕ್ಕೊಮ್ಮೆ ಬಂದು ತೋರಿಸಿ, ಮನೆಗೆ ಹೋಗಿ ಮಾಡಿ, ಸಾಧ್ಯವಾಗದ್ದನ್ನು ಮುಂದಿನ ವಾರ ಹೇಳಿಕೊಳ್ಳುವ ಈ ಹೋಗಿಬರುವಿಕೆಯಲ್ಲೇ ಚಿಕಿತ್ಸೆ ಬದುಕಿಗೆ ಹೊಂದಿಕೊಳ್ಳುತ್ತದೆ.

ಪಾರ್ಶ್ವವಾಯು ಬಡಿದ ಮೇಲೂ ಆಯುಷ್ಯ ದೀರ್ಘವಾಗಿರಬಹುದು ಎಂಬುದಕ್ಕೆ ಕುಂದಗೋಳದಲ್ಲೇ ಸಾಕ್ಷಿಯಿದೆ. ಅಲ್ಲಿ 1886ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಕಛೇರಿಗಳನ್ನು 1942ರ ಸುಮಾರಿಗೆ ನಿಲ್ಲಿಸಿದ್ದು ಪಾರ್ಶ್ವವಾಯು. ಅವರು ತೀರಿಕೊಂಡದ್ದು 1952ರಲ್ಲಿ. ಆ ಹತ್ತು ವರ್ಷಗಳಲ್ಲಿ ಅವರ ನೆರವಿಗೆ ಬರಬಹುದಾಗಿದ್ದ ಶಾಸ್ತ್ರವೇ ದೇಶದಲ್ಲಿ ಕಣ್ಣು ಬಿಟ್ಟಿರಲಿಲ್ಲ. ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುತ್ತಾ ವೈದ್ಯ ಹೊವಾರ್ಡ್ ರಸ್ಕ್ ಅಮೆರಿಕದಲ್ಲಿ ಅದಕ್ಕೆ ರೂಪ ಕೊಟ್ಟರು. ಮುಂಬೈಯ ಅಖಿಲ ಭಾರತ ಪುನಶ್ಚೇತನ ಸಂಸ್ಥೆ ಆರಂಭವಾದದ್ದು 1955ರಲ್ಲಿ. 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ವೈದ್ಯೆ ಮೇರಿ ವರ್ಗೀಸ್, ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು, ಗಾಲಿಕುರ್ಚಿಯಲ್ಲೇ ಕೂತು ವೆಲ್ಲೂರಿನಲ್ಲಿ ಈ ವಿಭಾಗ ಕಟ್ಟಿದರು. ಅಷ್ಟೆಲ್ಲ ಆಗಿ ಅರ್ಧ ಶತಮಾನ ದಾಟಿದರೂ ತಾಲ್ಲೂಕು ಆಸ್ಪತ್ರೆಯ ತಜ್ಞರೆಂದರೆ ಫಿಜಿಶಿಯನ್, ಸರ್ಜನ್, ಹೆರಿಗೆ, ಮಕ್ಕಳು, ಎಲುಬು, ಕಣ್ಣು ಎಂದೇ ಎಣಿಸುತ್ತೇವೆ. ಪುನಶ್ಚೇತನ ವೈದ್ಯರ ನೆನಪು ಆ ಸಾಲಿನಲ್ಲಿ ಯಾರಿಗೂ ಆಗುವುದಿಲ್ಲ.

ಮನೆಗೆ ಹೋದವರಿಗೆ ಚಿಕಿತ್ಸೆ ಮುಂದುವರಿಸುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಇದೆ. ಮನೆಯಲ್ಲಿದ್ದುಕೊಂಡು ತಜ್ಞರ ಪುನಶ್ಚೇತನ ಚಿಕಿತ್ಸೆ ಪಡೆದ ಪಾರ್ಶ್ವವಾಯು ರೋಗಿಗಳ 14 ಪ್ರಯೋಗಗಳನ್ನು, 1,617 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಸ್ನಾನ, ಊಟ, ಬಟ್ಟೆ, ಓಡಾಟದಂಥ ನಿತ್ಯದ ಕೆಲಸಗಳಲ್ಲಿ ಸ್ಥಿತಿ ಕೆಡುವುದನ್ನು ನೂರರಲ್ಲಿ ಏಳು ಜನರಿಗೆ ತಪ್ಪಿಸಬಹುದೆಂದು ಅದರಿಂದ ತಿಳಿಯಿತು. ಏಳು ಸಣ್ಣ ಸಂಖ್ಯೆಯೆಂದು ತೋರಬಹುದು. ಒಬ್ಬ ರೋಗಿ ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಒಬ್ಬ ಸೊಸೆಯೋ ಮಗಳೋ ಕೂಲಿ ಬಿಟ್ಟು ಮನೆಯಲ್ಲಿ ಕೂರಬೇಕು. ಹಾಗಾಗಿ ಆ ಏಳು ಜನರೆಂದರೆ ಏಳು ಕುಟುಂಬಗಳ ದುಡಿಮೆ. ಇಷ್ಟಾದರೂ ಸರ್ಕಾರದ ಹಣ ಹೋಗುವುದು ಬೇರೆ ಕಡೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸರೆಯಾಗುತ್ತದೆ, ಆದರೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗ. ವಾರಕ್ಕೆರಡು ಸಲ ಹೊರರೋಗಿಯಾಗಿ ಬರುವವನ ಖರ್ಚು ಅವನ ಜೇಬಿನದೇ. ಅಂಗವೈಕಲ್ಯ ಕಾರ್ಡ್ ಇದ್ದರೆ ಬಸ್ ಪಾಸು, ಮಾಸಾಶನ ಸಿಗಬಹುದು. ನರಸಂಬಂಧಿ ಸಮಸ್ಯೆಗಳಲ್ಲಿ ವೈಕಲ್ಯದ ಅಳತೆ ಸಾಮಾನ್ಯವಾಗಿ ನಡೆಯುವುದು ಆರು ತಿಂಗಳು ಕಳೆದ ಮೇಲೆ. ಉಳಿಯುವ ವೈಕಲ್ಯ ಎಷ್ಟೆಂದು ತಿಳಿಯಲು ಕಾಯುವುದು ಸರಿ. ಆದರೆ ವೈಕಲ್ಯವನ್ನು ಕಡಿಮೆ ಮಾಡಲು ಸಾಧ್ಯವಿದ್ದ ಆ ಆರು ತಿಂಗಳಿಗೆ ಯಾವ ಯೋಜನೆಯೂ ಒದಗುವುದಿಲ್ಲ. 2023ರಲ್ಲಿ ಬಂದ ‘ಶಕ್ತಿ’ ಯೋಜನೆಯಿಂದ ಜೊತೆಗೆ ಹೋಗುವ ಹೆಂಡತಿಗೆ ಬಸ್ಸು ಉಚಿತ, ಲಕ್ವಾ ಹೊಡೆದ ಗಂಡ ಟಿಕೆಟ್ ತೆಗೆಸಬೇಕು.

ಇಲ್ಲಿ ಕೆಲವು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಫಿಸಿಯೋಥೆರಪಿಸ್ಟ್ ಇದ್ದರೆ ಸಾಕಲ್ಲ, ಇನ್ನೊಬ್ಬ ವೈದ್ಯರು ಏಕೆ? ನಿತ್ಯದ ಚಿಕಿತ್ಸೆಯ ಬೆನ್ನೆಲುಬು ಫಿಸಿಯೋಥೆರಪಿಸ್ಟರೇ. ಅವರಿಲ್ಲದೆ ವೈದ್ಯರಿಂದ ಏನೂ ಆಗದು. ಆದರೆ ವ್ಯಾಯಾಮಕ್ಕೂ ಔಷಧಿಯಂತೆ ಪ್ರಮಾಣ ಮತ್ತು ಸಮಯ ಇವೆ. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ‘ಅವರ್ಟ್’ ಪ್ರಯೋಗದಲ್ಲಿ, ಪಾರ್ಶ್ವವಾಯು ಬಡಿದ 24 ತಾಸಿನೊಳಗೆ ಎಬ್ಬಿಸಿ ಹೆಚ್ಚು ಓಡಾಡಿಸಿದವರಲ್ಲಿ ಮೂರು ತಿಂಗಳಿಗೆ ಚೆನ್ನಾಗಿದ್ದವರು ಶೇ 46, ಎಂದಿನಂತೆ ನೋಡಿಕೊಂಡವರಲ್ಲಿ ಶೇ 50. ಒಳ್ಳೆಯ ಉದ್ದೇಶದಿಂದ ಮಾಡಿದ ಹೆಚ್ಚಿನ ವ್ಯಾಯಾಮವೂ ತೊಂದರೆ ಕೊಡಬಹುದು. ಬಿಪಿ ಏರಿಳಿತ, ಹೃದಯದ ಸ್ಥಿತಿ, ಮೂರ್ಛೆ, ಔಷಧಿಗಳ ಅಡ್ಡಪರಿಣಾಮ ಇವನ್ನೆಲ್ಲ ತೂಗಿ ಈ ರೋಗಿಗೆ ಈ ವಾರ ಇಷ್ಟು ಎಂದು ಹೇಳುವ ಹೊಣೆಯನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಅವರಿಗೂ ಮಾಡುವ ಅನ್ಯಾಯ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಮ್ಮಲ್ಲಿ ಕುಟುಂಬವಿದೆ, ಅವರಿಗೇ ಕಲಿಸಿದರೆ ಆಯಿತು ಎನ್ನುವವರಿದ್ದಾರೆ. ಇದನ್ನು ಭಾರತದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ‘ಅಟೆಂಡ್’ ಎಂಬ ಪ್ರಯೋಗದಲ್ಲಿ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿದರು. 2017ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ 47. ಇದರಿಂದ ಕುಟುಂಬದ ಆರೈಕೆಗೆ ಬೆಲೆಯಿಲ್ಲವೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ತಜ್ಞ ವೈದ್ಯರಿದ್ದಿದ್ದರೆ ಗೆಲ್ಲುತ್ತಿತ್ತು ಎಂಬುದನ್ನೂ ಆ ಪ್ರಯೋಗ ಸಾಧಿಸಿಲ್ಲ. ಅದು ಕಲಿಸುವ ಪಾಠ ಬೇರೆ: ತರಬೇತಾದವರ ಕೆಲಸವನ್ನು ಕೆಲವು ದಿನಗಳ ಪಾಠದಿಂದ ಮನೆಯವರಿಗೆ ದಾಟಿಸಿ ವ್ಯವಸ್ಥೆ ಹಿಂದೆ ಸರಿಯುವಂತಿಲ್ಲ. ಪ್ರೀತಿ ಮತ್ತು ಸಹನೆ ಮನೆಯವರಲ್ಲಿ ಬೇಕಾದಷ್ಟಿದೆ. ಯಾವಾಗ ಏನನ್ನು ಬದಲಿಸಬೇಕೆಂಬ ತಿಳಿವಳಿಕೆಯನ್ನು ಹೊರಗಿನಿಂದ, ಮತ್ತೆ ಮತ್ತೆ, ತಿಂಗಳುಗಟ್ಟಲೆ ಒದಗಿಸಬೇಕಾಗುತ್ತದೆ.

ಮೂರನೆಯದು ಹಣದ ಮಾತು. ಪುನಶ್ಚೇತನ ಎಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರಗಳೆಂಬ ಭಾವನೆ ಇದೆ. ಅಮೆರಿಕದಲ್ಲಿ 408 ಜನರ ಮೇಲೆ ನಡೆದ 2011ರ ಪ್ರಯೋಗದಲ್ಲಿ, ದೇಹವನ್ನು ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದವರಿಗಿಂತ, ಫಿಸಿಯೋಥೆರಪಿಸ್ಟ್ ಮನೆಗೆ ಬಂದು ವ್ಯಾಯಾಮ ಮಾಡಿಸಿದವರು ಹಿಂದೆ ಬೀಳಲಿಲ್ಲ. ಬ್ರಿಟನ್ನಿನಲ್ಲಿ 770 ಜನರ ಮೇಲೆ ನಡೆದ 2019ರ ಪ್ರಯೋಗದಲ್ಲಿ ಕೈಗೆ ರೋಬೋಟ್ ಕಟ್ಟಿ ಮಾಡಿಸಿದ ತರಬೇತಿ ಸಾಮಾನ್ಯ ಚಿಕಿತ್ಸೆಗಿಂತ ಮಿಗಿಲಾಗಲಿಲ್ಲ. ಬೇಕಾದದ್ದು ತಿಳಿದ ಕೈಗಳು ಮತ್ತು ಕ್ರಮಬದ್ಧ ಭೇಟಿ. ಅಂಥ ಕೈಗಳೇ ಕಡಿಮೆ ಎಂಬುದು ಮಾತ್ರ ನಿಜ. ಹೀಗಿರುವಾಗ 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯಕೀಯ ಕಾಲೇಜುಗಳ ಕಡ್ಡಾಯ ವಿಭಾಗಗಳ ಪಟ್ಟಿಯಿಂದ ಪಿಎಂಆರ್ ಅನ್ನು ಕೈಬಿಟ್ಟದ್ದು ದುಡುಕಿನ ನಿರ್ಧಾರ. ಪುನಶ್ಚೇತನವನ್ನು ಆರೋಗ್ಯ ವ್ಯವಸ್ಥೆಯೊಳಗೇ ಬಲಪಡಿಸಬೇಕೆಂದು ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿದ್ದೂ ಅದೇ ವರ್ಷ. ಇನ್ನು ಲಕ್ವಾ ಬರದಂತೆ ತಡೆಯುವುದೇ ಮೊದಲ ಕೆಲಸವಲ್ಲವೇ ಎಂದರೆ, ಹೌದು. ಬಿಪಿ, ಸಕ್ಕರೆ, ತಂಬಾಕು ಹತೋಟಿಗೆ ಬರಲೇಬೇಕು. ಆದರೆ ಒಮ್ಮೆ ಲಕ್ವಾ ಹೊಡೆದವನಿಗೆ ಎರಡನೆಯ ಸಲ ಹೊಡೆಯುವ ಅಪಾಯ ಬೇರೆಯವರಿಗಿಂತ ಹೆಚ್ಚು. ಅವನು ವಾರವಾರ ಬರುವ ಚಿಕಿತ್ಸಾಲಯದಲ್ಲೇ ಬಿಪಿ ನೋಡಿ ಗುಳಿಗೆ ತಪ್ಪದಂತೆ ಕಾಯಬಹುದು. ಎರಡೂ ಕೆಲಸ ಒಂದೇ ಕೋಣೆಯಲ್ಲಿ ನಡೆಯುತ್ತವೆ.

ಇದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ನಮ್ಮಲ್ಲೇ ಬಿಡಿಬಿಡಿಯಾಗಿ ಬಿದ್ದಿದೆ. ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಧಾರವಾಡದಲ್ಲಿ ಡಿಮ್ಹಾನ್ಸ್, ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆಗಳಿವೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆವಿನ ಕಾಯಿಲೆಗಳನ್ನು ಜಿಲ್ಲಾ ಮಟ್ಟಕ್ಕೆ ತಂದಿದೆ. ಮಾತು ಕಳೆದುಕೊಂಡ ಕನ್ನಡಿಗರನ್ನು ಕನ್ನಡದಲ್ಲೇ ಪರೀಕ್ಷಿಸುವ ವಿಧಾನವನ್ನು ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯ ಪರಿಣತರು ಸಿದ್ಧಪಡಿಸಿದ್ದಾರೆ. ಗ್ರಾಮ ಪಂಚಾಯ್ತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಕಾರ್ಯಕರ್ತರು ಎಂಬ ವ್ಯವಸ್ಥೆ ಕರ್ನಾಟಕದ್ದು. ಇವರು ಸಾಮಾನ್ಯವಾಗಿ ಸ್ವತಃ ಅಂಗವಿಕಲರು, ಊರಿನ ಪ್ರತಿ ಮನೆಯನ್ನೂ ಬಲ್ಲವರು. ಆದರೆ ಅವರ ದಿನ ಹೆಚ್ಚಾಗಿ ಅರ್ಜಿ, ಪ್ರಮಾಣಪತ್ರ, ಮಾಸಾಶನಗಳಲ್ಲಿ ಕಳೆಯುತ್ತದೆ. ದೊಡ್ಡ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಪ್ರತಿ ನರರೋಗಿಯ ಮಾಹಿತಿ, ಅವರ ಒಪ್ಪಿಗೆ ಪಡೆದು, ಅದೇ ವಾರ ತಾಲ್ಲೂಕು ಆಸ್ಪತ್ರೆಗೆ ಹೋಗಲಿ. ಪುನಶ್ಚೇತನ ವೈದ್ಯರೊಬ್ಬರು ನಿಗದಿಯಾದ ದಿನ, ಸಾಧ್ಯವಾದರೆ ಸಂತೆಯ ದಿನವೇ, ತಾಲ್ಲೂಕಿಗೆ ಬರಲಿ. ಅವರು ಹಾಕಿಕೊಟ್ಟ ಕ್ರಮವನ್ನು ಫಿಸಿಯೋಥೆರಪಿಸ್ಟ್ ನಡೆಸಲಿ. ಪುನರ್ವಸತಿ ಕಾರ್ಯಕರ್ತರು ತರಬೇತಿ ಪಡೆದು, ಅದಕ್ಕೆ ತಕ್ಕ ಗೌರವಧನವನ್ನೂ ಪಡೆದು, ಮನೆಯಲ್ಲಿ ಅದು ನಡೆಯುತ್ತಿದೆಯೇ ಎಂದು ನೋಡಿಬರಲಿ. ಮೊದಲ ಆರು ತಿಂಗಳಿಗೆ ರೋಗಿಗೂ ಜೊತೆಗಿರುವವರಿಗೂ ಡಿಸ್ಚಾರ್ಜ್ ಚೀಟಿಯೇ ಬಸ್ ಪಾಸ್ ಆಗಲಿ.

ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಈ ನಾಲ್ಕೂ ತಾಲ್ಲೂಕಿನಲ್ಲಿ ಒಮ್ಮೆಲೇ ಆರಂಭಿಸಲು ಜನರಿಲ್ಲದಿದ್ದರೆ ಒಂದರಲ್ಲಿ ಆರಂಭಿಸೋಣ. ಒಂದು ವರ್ಷ ಅಲ್ಲಿಯ ಲೆಕ್ಕ ಇಡೋಣ: ಆರು ತಿಂಗಳ ಹೊತ್ತಿಗೆ ಎಷ್ಟು ಜನ ಒಬ್ಬರೇ ಶೌಚಕ್ಕೆ ಹೋಗಬಲ್ಲರು, ಎಷ್ಟು ಜನರ ಭುಜ ನೋವಿಲ್ಲದೆ ಉಳಿಯಿತು, ಎಷ್ಟು ಜನ ಹೊಲಕ್ಕೋ ಒಲೆಗೋ ಅಂಗಡಿಗೋ ಮರಳಿದರು, ಮನೆಯಲ್ಲಿ ಕೂತಿದ್ದ ಎಷ್ಟು ಹೆಣ್ಣುಮಕ್ಕಳು ಮತ್ತೆ ಕೂಲಿಗೆ ಹೋದರು. ಆ ಲೆಕ್ಕವನ್ನು ಜನರ ಮುಂದಿಟ್ಟು, ಉಳಿದ ಮೂರು ತಾಲ್ಲೂಕುಗಳ ತೀರ್ಮಾನವನ್ನು ಅದರ ಆಧಾರದ ಮೇಲೆ ಮಾಡೋಣ. ಬದುಕಿ ಮನೆಗೆ ಬಂದವರನ್ನು ಎಣಿಸಿ ಸಮಾಧಾನಪಡುವ ಆರೋಗ್ಯ ಇಲಾಖೆ, ಅವರು ಹೇಗೆ ಬದುಕುತ್ತಿದ್ದಾರೆ ಎಂಬುದನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.