‘ಆಂಟಿಕ್’ ಎಂದು ಬರೆಯುವ ಮುನ್ನ

ನಮ್ಮ ವಾಣಿಜ್ಯ ವಿಭಾಗದ ವ್ಯಾಪಾರ ಮೇಳದಲ್ಲಿ ಈ ವರ್ಷ ಸರಗಳ ಮಳಿಗೆ ಇಡಬೇಕೆಂದು ತರಗತಿಯಲ್ಲಿ ತೀರ್ಮಾನವಾಗಿದೆ. ಹಳೆಯ ನಾಣ್ಯದ ಅಚ್ಚಿರುವ ಕಾಸಿನ ಸರ, ಮಣಿಸರ, ಸುಟ್ಟ ಮಣ್ಣಿನ ಪದಕ. ನನಗೂ ಸಂತೋಷವೇ. ಆದರೆ ಮಳಿಗೆಯ ಮೇಲೆ ‘ಆಂಟಿಕ್ ಸರಗಳು’ ಎಂದು ಬೋರ್ಡ್ ಹಾಕುವುದಕ್ಕೆ ನನ್ನ ವಿರೋಧವಿದೆ.

1972ರ ಕೇಂದ್ರ ಕಾಯ್ದೆಯ ಪ್ರಕಾರ ನಾಣ್ಯವಾಗಲಿ ಕಲಾಕೃತಿಯಾಗಲಿ ಪುರಾತನ ವಸ್ತು ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಕಳೆದ ವಾರ ಹಿತ್ತಾಳೆಗೆ ಕಪ್ಪು ಹಿಡಿಸಿದ ಸರಕ್ಕೆ ಆ ವಯಸ್ಸು ಎಲ್ಲಿಂದ ಬರಬೇಕು?

ಹಳೆಯದನ್ನು ನೋಡಿ ಹೊಸದು ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಮಾಕಳಿಯಿಂದ ಮೆಜೆಸ್ಟಿಕ್‌ಗೆ ಹೋಗುವಾಗ ದಾಟುವ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಕೆಲವು ರೋಮನ್ ನಾಣ್ಯಗಳಿಗೆ ತೂತು ಅಥವಾ ಕೊಂಡಿ ಇದೆ. ಅಂದರೆ ಅವು ಯಾರದೋ ಕೊರಳಿಗೂ ಏರಿದ್ದವು. ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರಗಳಲ್ಲಿ ರೋಮನ್ ನಾಣ್ಯಗಳನ್ನು ಅನುಕರಿಸಿ ಅಚ್ಚಿನಲ್ಲಿ ಒತ್ತಿದ ಮಣ್ಣಿನ ಪದಕಗಳೂ ದೊರೆತಿವೆ. ಚಿನ್ನ ಕೊಳ್ಳಲಾಗದವರು ಅವನ್ನು ಹಾಕಿಕೊಂಡಿರಬಹುದು ಎಂದು ನನ್ನ ಊಹೆ. ನಮ್ಮ ಮಳಿಗೆಯ ಸರಗಳೂ ಅದೇ ವಂಶದವು. ಪಕ್ಕದ ಮನೆಯವರ ಕಾಸಿನ ಸರ ನಮ್ಮ ನಾನಿಯ ಬಾಯಲ್ಲಿ ಅಶ್ರಫಿ ಹಾರ. ಅವರ ಕರಿಮಣಿ ನಮಗೆ ಕಾಲಿ ಪೋತ್.

ನನ್ನ ತಕರಾರು ಬೇರೆ. ಅಮ್ಮಿ ಮನೆಯಲ್ಲಿ ಮಣಿ ಪೋಣಿಸುತ್ತಾರೆ. ಒಂದು ಸರಕ್ಕೆ 12 ರೂಪಾಯಿ. ಅಡುಗೆ ಮುಗಿದ ಮೇಲೆ ಕೂತರೆ ಮಗ್ರಿಬ್ ಹೊತ್ತಿಗೆ ಎಂಟು ಸರ ಆಗುತ್ತದೆ, ಕಣ್ಣು ಸಹಕರಿಸಿದರೆ ಹತ್ತು. ಅಂಥದೇ ಸರ ಒಂದು ಮೇಳದಲ್ಲಿ ‘ಆಂಟಿಕ್’ ಚೀಟಿಯೊಂದಿಗೆ 650 ರೂಪಾಯಿಗೆ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಮಾರುವವರಿಗೆ ಸಾಮಾನು, ಪಾಲಿಶ್, ಮಳಿಗೆ ಬಾಡಿಗೆ, ಮಾರದೆ ಉಳಿದ ಮಾಲು ಎಲ್ಲ ಇರುತ್ತದೆ, ಒಪ್ಪುತ್ತೇನೆ. ನಾವು ಬರೆಯುವ ವ್ಯಾಪಾರ ಖಾತೆಯಲ್ಲೂ ಡೆಬಿಟ್ ಬದಿಗೆ ಕೂಲಿ ಎಂಬ ಸಾಲು ಇದ್ದೇ ಇರುತ್ತದೆ. ಆ ಚೀಟಿಯಲ್ಲಿ ಮಾತ್ರ ಇರಲಿಲ್ಲ. ಯಾವುದೋ ರಾಜನ ಕಾಲದಿಂದ ನೇರ ಇಳಿದು ಬಂದ ಸರವೆಂದ ಮೇಲೆ, ಅದನ್ನು ಪೋಣಿಸಿದವರು ಯಾರೆಂದು ಗಿರಾಕಿ ಯಾಕೆ ಕೇಳುತ್ತಾರೆ?

ಅಂಗಡಿಯ ಚಿನ್ನದ ಒಡವೆಗೆ 2023ರ ಏಪ್ರಿಲ್ 1ರಿಂದ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಗುರುತು ಕಡ್ಡಾಯವಾಗಿದೆ. ಹಿತ್ತಾಳೆಯ ಸರಕ್ಕೆ ಅಂಥದ್ದೇನೂ ಇಲ್ಲ. ಆದ್ದರಿಂದ ನಾವೇ ಒಂದು ಚೀಟಿ ಕಟ್ಟೋಣ: ಇದು ಹೊಸದು, ವಿನ್ಯಾಸ ಇಂಥ ನಾಣ್ಯದ್ದು, ಲೋಹ ಇಂಥದ್ದು, ಪೋಣಿಸಿದವರು ಇಂಥವರು (ಅವರು ಒಪ್ಪಿದರೆ), ಅವರಿಗೆ ಸಂದ ಕೂಲಿ ಇಷ್ಟು.

“ಹೊಸದು ಅಂತ ಬರೆದರೆ ಯಾರು ಕೊಳ್ಳುತ್ತಾರೆ?” ಎಂದು ಗೆಳತಿಯರು ನಗುತ್ತಾರೆ. ಯಶವಂತಪುರದ ನಾಣ್ಯದ ಕಥೆ ಹೇಳಿ ನೋಡೋಣ. ಅರ್ಧ ಮಾಲಿಗೆ ‘ಆಂಟಿಕ್’ ಎಂದೂ ಉಳಿದರ್ಧಕ್ಕೆ ಈ ಚೀಟಿಯನ್ನೂ ಹಾಕಿ ಪರೀಕ್ಷಿಸೋಣ ಎಂದೂ ಒಬ್ಬಳು ಹೇಳಿದಳು. ಅದು ಬೇಡ, ಅರ್ಧ ಗಿರಾಕಿಗಳಿಗೆ ಸುಳ್ಳು ಹೇಳಿದಂತಾಗುತ್ತದೆ.

ಮೇಳಕ್ಕೆ ಇನ್ನೂ ಮೂರು ವಾರ ಇದೆ, ಬೋರ್ಡ್ ಬರೆಸಿಲ್ಲ. ಕನ್ನಡ ಮತ್ತು ಉರ್ದು ಚೀಟಿಗಳನ್ನು ಬರೆಯುವ ಕೆಲಸ ನನಗಿರಲಿ. ಇಂಗ್ಲಿಷಿನದಕ್ಕೆ ಯಾರಾದರೂ ಮುಂದೆ ಬನ್ನಿ.