ದರಕ್ಕೆ ಜಗಳ ಮಾಡಿದ್ದೇವೆ, ಬೀಜಕ್ಕೆ ಯಾವಾಗ?

ಕಾರ್ಖಾನೆ ಚಾಲೂ ಆಗುವ ಹೊತ್ತಿಗೆ ಪ್ರತಿ ವರ್ಷ ಕಬ್ಬಿನ ದರಕ್ಕಾಗಿ ರೈತರು ರಸ್ತೆಗೆ ಇಳಿಯುತ್ತಾರೆ. ಇಳಿಯಲೇಬೇಕು. ಆದರೆ ಆ ದರದ ಬೇರು ಬೀಜದಲ್ಲಿದೆ. ಅದರ ಬಗ್ಗೆ ಬೀದರಿನಲ್ಲಾಗಲಿ, ಭಾಲ್ಕಿಯಲ್ಲಾಗಲಿ ಯಾರೂ ಘೋಷಣೆ ಕೂಗುವುದಿಲ್ಲ.

ಲೆಕ್ಕ ನೋಡಿ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ. ಅದು ಕಾರ್ಖಾನೆಯ ಸಕ್ಕರೆ ರಿಕವರಿ ಶೇ 10.25 ಇದ್ದರೆ. ರಿಕವರಿ ಶೇ 9.5ಕ್ಕಿಂತ ಕೆಳಗಿದ್ದರೆ 3,290.50 ರೂಪಾಯಿ. ಟನ್ನಿಗೆ ಸುಮಾರು 260 ರೂಪಾಯಿ ಅಲ್ಲೇ ಹೋಯಿತು.

ರಿಕವರಿ ನಿಂತಿರುವುದು ಕಬ್ಬಿನ ತಳಿ, ಅದರ ವಯಸ್ಸು ಮತ್ತು ಕಡಿದ ಮೇಲೆ ಎಷ್ಟು ಬೇಗ ಅರೆಯುತ್ತಾರೆ ಎಂಬುದರ ಮೇಲೆ. ಇದು ಇಡೀ ಕಾರ್ಖಾನೆಯ ಸರಾಸರಿ. ನೀವೊಬ್ಬರೇ ಒಳ್ಳೆ ತಳಿ ಹಾಕಿದರೆ ನಿಮ್ಮ ದರ ಏರುವುದಿಲ್ಲ. ಎಲ್ಲರೂ ಹಾಕಬೇಕು. ಎಲ್ಲರಿಗೂ ಬೀಜ ಮುಟ್ಟಿಸುವ ಕೆಲಸ ಒಬ್ಬ ರೈತನದಲ್ಲ, ಕಾರ್ಖಾನೆಯದು.

ವಿಜ್ಞಾನಿಗಳು ಸುಮ್ಮನೆ ಕೂತಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆ 1912ರಿಂದ ಕೆಲಸ ಮಾಡುತ್ತಿದೆ. ಅಲ್ಲಿಯ ಹವೆಗೆ ಕಬ್ಬು ಹೂ ಬಿಟ್ಟು ಬೀಜ ಕಟ್ಟುತ್ತದೆ, ಹಾಗಾಗಿ ಒಂದು ತಳಿಯನ್ನು ಇನ್ನೊಂದರ ಜೊತೆ ಕೂಡಿಸಲು ಆಗುತ್ತದೆ. ನಮಗೆಲ್ಲ ಗೊತ್ತಿರುವ ಕೋ 86032 ಅಲ್ಲಿಯದೇ. ಮೊದಲ ಎರಡು ಅಂಕಿ 1986ನ್ನು ಹೇಳುತ್ತವೆ. ಬಿಡುಗಡೆಯಾಗಿದ್ದು 2000ದಲ್ಲಿ. ಒಂದು ತಳಿಯ ಹಿಂದೆ ಇಷ್ಟು ವರ್ಷದ ದುಡಿಮೆ ಇದೆ. ನಮ್ಮ ರಾಜ್ಯದಲ್ಲಿ ಸಂಕೇಶ್ವರ, ಮಂಡ್ಯದ ಕೇಂದ್ರಗಳು, ಗಡಿಯಾಚೆ ಮಹಾರಾಷ್ಟ್ರದ ಪಾಡೇಗಾಂವ್ ಕೇಂದ್ರ ಹೊಸ ತಳಿ ಕೊಡುತ್ತಲೇ ಇವೆ.

ಆದರೆ ಭಾಲ್ಕಿಯ ರೈತ ನಾಟಿ ಮಾಡುವುದು ಏನನ್ನು? ಬಹಳ ಸಲ ಪಕ್ಕದ ಹೊಲದ ಕಬ್ಬು, ಅದೂ ಖೋಡವಾದ್ದು. ಕಬ್ಬನ್ನು ತುಂಡಿನಿಂದ ಬೆಳೆಸುತ್ತೇವೆ, ಹಾಗಾಗಿ ಆ ಹೊಲದ ರೋಗವೂ ತುಂಡಿನ ಜೊತೆ ನಮ್ಮ ಹೊಲಕ್ಕೆ ಬರುತ್ತದೆ. ಕಾಡಿಗೆ ರೋಗ, ಕೆಂಪು ಕೊಳೆ ರೋಗ ಹರಡುವುದು ಹೀಗೆ. ತಳಿ ಕೆಟ್ಟಿತು ಎಂದು ಆಮೇಲೆ ಬೈಯುತ್ತೇವೆ. ಎಷ್ಟೋ ಸಲ ಕೆಟ್ಟಿರುವುದು ಬೀಜ.

ಇನ್ನು ವಾಟ್ಸಾಪ್‌ನಲ್ಲಿ "ಎಕರೆಗೆ 100 ಟನ್" ಎಂದು ಬರುವ ಹೆಸರಿಲ್ಲದ ತಳಿಗಳು. ಬಿಡುಗಡೆ ಮಾಡಿದ ಕೇಂದ್ರ ಯಾವುದು, ನಂಬರ್ ಏನು ಎಂದು ಕೇಳಿ. ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ.

ಒಳ್ಳೆ ತಳಿ ಸಿಕ್ಕರೂ ಅದೊಂದನ್ನೇ ನಂಬುವುದು ಅಪಾಯ. ಉತ್ತರ ಪ್ರದೇಶದಲ್ಲಿ 2009ರಲ್ಲಿ ಬಿಡುಗಡೆಯಾದ ಕೋ 0238 ರೈತರ, ಕಾರ್ಖಾನೆಗಳ ಕೈ ಹಿಡಿಯಿತು. ಕಬ್ಬಿನ ಪ್ರದೇಶದ ಶೇ 80ಕ್ಕಿಂತ ಹೆಚ್ಚು ಅದೊಂದೇ ಆಯಿತು. ಅದಕ್ಕೇ ಕೆಂಪು ಕೊಳೆ ರೋಗ ಹತ್ತಿದಾಗ ಊರಿಗೆ ಊರೇ ನಷ್ಟ ಅನುಭವಿಸಿತು.

ಔರಾದಿನವರು ಇದು ನಮ್ಮ ವಿಷಯವಲ್ಲ ಎನ್ನಬಹುದು. ಮಳೆ ನಂಬಿ ತೊಗರಿ, ಸೋಯಾ, ಉದ್ದು ಬೆಳೆಯುವ ತಾಲ್ಲೂಕು ಅದು. ಅಲ್ಲಿ ಬೋರ್‌ವೆಲ್ ಕೊರೆಸಿ ಕಬ್ಬು ಹಾಕಿ ಎಂದು ಹೇಳುವುದು ನ್ಯಾಯವಲ್ಲ. ಆದರೆ ಕಬ್ಬು ಈಗಾಗಲೇ ಇರುವಲ್ಲಿ ಕಡಿಮೆ ನೀರಿಗೆ ತಾಳುವ ತಳಿ ಯಾವುದು ಎಂದು ತಿಳಿಯಲೇಬೇಕು. ಘಟಪ್ರಭಾ, ಕಾವೇರಿ ಸೀಮೆಯಲ್ಲಿ ಗೆದ್ದ ತಳಿ ಮಾಂಜ್ರಾ ದಂಡೆಯ ಕಪ್ಪು ಮಣ್ಣಿನಲ್ಲೂ ಗೆಲ್ಲುತ್ತದೆ ಎಂದು ಯಾರು ಹೇಳಬೇಕು? ಇಲ್ಲೇ ಬೆಳೆಸಿ ನೋಡಿದವರು.

ಹುಂಜಿಯ ಮಹಾತ್ಮಾ ಗಾಂಧಿ ಕಾರ್ಖಾನೆ, ನಾರಂಜಾ ಕಾರ್ಖಾನೆ ಸಹಕಾರಿ ಸಂಸ್ಥೆಗಳು. ಷೇರು ಇರುವ ರೈತನೇ ಅವುಗಳ ಮಾಲೀಕ. ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ:

1. ಬಿಸಿ ಉಪಚಾರ ಮಾಡಿದ, ರೋಗವಿಲ್ಲದ ಬೀಜದ ಪ್ಲಾಟ್ ಎಷ್ಟು ಎಕರೆ ಇದೆ? ಅದರಿಂದ ಎಷ್ಟು ರೈತರಿಗೆ ಸಸಿ ಸಿಕ್ಕಿತು?

2. ಬೀದರ್ ಕೃಷಿ ವಿಜ್ಞಾನ ಕೇಂದ್ರದ ಜೊತೆ ಸೇರಿ ನಮ್ಮ ಹೊಲದಲ್ಲೇ ನಾಲ್ಕೈದು ತಳಿ ಪಕ್ಕಪಕ್ಕ ಬೆಳೆಸಿ ತೋರಿಸುತ್ತೀರಾ?

3. ಯಾವ ತಳಿ ಎಷ್ಟು ಎಕರೆ ಇದೆ, ಕಾರ್ಖಾನೆಯ ರಿಕವರಿ ಎಷ್ಟು ಬಂತು ಎಂದು ಪ್ರತಿ ಹಂಗಾಮಿಗೆ ನೋಟಿಸ್ ಬೋರ್ಡಿಗೆ ಹಚ್ಚುತ್ತೀರಾ?

ಖಾಸಗಿ ಕಾರ್ಖಾನೆಗೆ ಕಬ್ಬು ಕಳಿಸುವವರೂ ಇದನ್ನೇ ಕೇಳಬೇಕು. ನಮ್ಮ ಕಬ್ಬಿಲ್ಲದೆ ಯಾವ ಕಾರ್ಖಾನೆಯ ಗಾಣವೂ ತಿರುಗುವುದಿಲ್ಲ.